ಹಾವು ವರ್ಷಕ್ಕೆ ಎಷ್ಟು ಸಲ ಪೊರೆ ಬಿಡುತ್ತದೆ? ತಿಜೋರಿಯಲ್ಲಿ ಇಡುವ ಮೊದಲು ಇದನ್ನು ಓದಿ

ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಿಂದ ಓದುಗರೊಬ್ಬರು ನಮಗೆ ಎರಡು ಚಿತ್ರ ಕಳಿಸಿದ್ದರು. ಒಂದರಲ್ಲಿ ಗೋವಿನಜೋಳದ ಚೀಲಗಳ ಸಂದಿಯಲ್ಲಿ ಸಿಕ್ಕ ಹಾವಿನ ಪೊರೆ ಇತ್ತು. ಇನ್ನೊಂದು ಅವರ ಓಣಿಯ ವಾಟ್ಸಾಪ್ ಗುಂಪಿಗೆ ಬಂದ ಫಾರ್ವರ್ಡ್‌ನ ಸ್ಕ್ರೀನ್‌ಶಾಟ್. ಜತೆಗೊಂದು ಧ್ವನಿ ಸಂದೇಶ: “ಮನ್ಯಾಗ ಹಾವಿನ ಪರಿ ಸಿಕ್ಕೈತ್ರಿ. ಹಾವು ಒಳಗ ಐತೋ, ಹೋಗೇತೋ ಹೆಂಗ ತಿಳೀಬೇಕ್ರಿ? ಇದರಾಗ ಬರದಿದ್ದು ಖರೇ ಏನ್ರಿ?”

ಫಾರ್ವರ್ಡ್‌ನಲ್ಲಿ ಬರೆದಿದ್ದ ಸಂಗತಿಗಳು ಹೊಸವೇನಲ್ಲ. ಹಾವು ವರ್ಷಕ್ಕೆ ಒಂದೇ ಸಲ, ನಾಗರ ಅಮಾವಾಸ್ಯೆಯ ಆಸುಪಾಸಿನಲ್ಲಿ ಪೊರೆ ಬಿಡುತ್ತದಂತೆ. ಹರಿಯದ ಪೊರೆ ಸಿಕ್ಕರೆ ಕೆಂಪು ಬಟ್ಟೆಯಲ್ಲಿ ಸುತ್ತಿ ತಿಜೋರಿಯಲ್ಲಿ ಇಡಬೇಕಂತೆ, ಹಣ ನಿಲ್ಲುತ್ತದಂತೆ. ಪೊರೆ ಬಿಟ್ಟ ಹಾವು ಆ ಜಾಗಕ್ಕೆ ಮತ್ತೆ ಬರುವುದೇ ಇಲ್ಲವಂತೆ. ಕೊನೆಗೆ, ಹನ್ನೊಂದು ಮಂದಿಗೆ ಕಳಿಸಿ ಎಂಬ ಮಾಮೂಲಿ ಸಾಲು.

ತಿಜೋರಿಯ ಮಾತು ನಂಬಿದರೆ ಹೆಚ್ಚೆಂದರೆ ತಿಜೋರಿ ಖಾಲಿಯಾಗಿಯೇ ಉಳಿದೀತು. ಆದರೆ “ಹಾವು ಮತ್ತೆ ಬರುವುದಿಲ್ಲ” ಎಂಬುದನ್ನು ನಂಬಿ ಅದೇ ಕೋಣೆಯಲ್ಲಿ ಮಕ್ಕಳನ್ನು ನೆಲದ ಮೇಲೆ ಮಲಗಿಸಿದರೆ? ನಾವು ಈ ಲೇಖನ ಬರೆಯಲು ಕೂತಿದ್ದು ಆ ಒಂದು ಸಾಲಿಗಾಗಿ.

ನೇರ ಉತ್ತರ ಮೊದಲು ಹೇಳಿಬಿಡುತ್ತೇವೆ. ಹಾವು ಪೊರೆ ಬಿಡುವುದಕ್ಕೆ ತಿಥಿ ಇಲ್ಲ, ವರ್ಷಕ್ಕೆ ಇಷ್ಟೇ ಸಲ ಎಂಬ ಕಟ್ಟುಪಾಡೂ ಇಲ್ಲ. ಚೆನ್ನಾಗಿ ತಿಂದು ಬೆಳೆಯುತ್ತಿರುವ ಮರಿ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಪೊರೆ ಬಿಡುತ್ತದೆ. ಅಂದರೆ ಮೊದಲ ವರ್ಷದಲ್ಲೇ ಎಂಟು ಹತ್ತು ಸಲ ಆಗಬಹುದು. ಬೆಳೆದ ಹಾವು ಜಾತಿ, ಆಹಾರ, ಹವೆ ನೋಡಿಕೊಂಡು ವರ್ಷಕ್ಕೆ ಎರಡರಿಂದ ಆರು ಸಲ ಬಿಡುತ್ತದೆ. ಒಂದೇ ಮನೆಯಲ್ಲಿ ಸಾಕಿದ, ಒಂದೇ ತಾಯಿಯ ಎರಡು ಹಾವುಗಳ ಲೆಕ್ಕವೂ ಒಂದೇ ಇರುವುದಿಲ್ಲ.

ಪೊರೆ ಎಂದರೆ ಏನು?

ಚರ್ಮ ಉದುರಿಸುವುದು ಹಾವಿನ ವಿಶೇಷವೇನಲ್ಲ. ನಾವೂ ಉದುರಿಸುತ್ತೇವೆ. ನಮ್ಮ ಚರ್ಮದ ಮೇಲಿನ ಸತ್ತ ಪದರ ಪುಡಿಪುಡಿಯಾಗಿ ದಿನವೂ ಬೀಳುತ್ತಿರುತ್ತದೆ. ತಲೆಹೊಟ್ಟು ಅದರದೇ ಒಂದು ರೂಪ. ಸುಮಾರು ಒಂದು ತಿಂಗಳಲ್ಲಿ ನಮ್ಮ ಮೇಲ್ಪದರ ಪೂರಾ ಬದಲಾಗಿರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಹಾವಿನ ವಿಶೇಷ ಇರುವುದು ಬೇರೆ ಕಡೆ. ಅದರ ಮೈಯ ಎಲ್ಲ ಭಾಗದಲ್ಲೂ ಹಳೆ ಪದರದ ಅಡಿಯಲ್ಲಿ ಹೊಸ ಪದರ ಒಟ್ಟಿಗೇ ತಯಾರಾಗುತ್ತದೆ. ಹಾಗಾಗಿ ಕಳಚುವಾಗಲೂ ಒಟ್ಟಿಗೇ ಕಳಚುತ್ತದೆ.

ಹಂಚಿನ ಮನೆಯ ಮಾಡನ್ನು ನೆನೆಯಿರಿ. ಹಳೆ ಹಂಚನ್ನು ಒಂದೊಂದಾಗಿ ಬದಲಿಸುವುದು ನಮ್ಮ ಚರ್ಮದ ರೀತಿ. ಹಾವಿನದು ಹಾಗಲ್ಲ. ಅದು ಹಳೆ ಹಂಚಿನ ಕೆಳಗೇ ಇಡೀ ಮಾಡಿಗೆ ಹೊಸ ಹಂಚು ಹೊದಿಸಿ, ಆಮೇಲೆ ಮೇಲಿನದನ್ನು ಒಂದೇ ಸಲಕ್ಕೆ ಜಾರಿಸಿಬಿಡುತ್ತದೆ. ಹಾಗೆ ಜಾರಿಸಲು ಹಳೆ ಮತ್ತು ಹೊಸ ಪದರಗಳ ನಡುವೆ ಒಂದು ಬಗೆಯ ದ್ರವ ತುಂಬಿಕೊಳ್ಳುತ್ತದೆ, ಎರಡನ್ನೂ ಹಿಡಿದಿಟ್ಟ ಬೆಸುಗೆ ಸಡಿಲವಾಗುತ್ತದೆ.

ಈ ದ್ರವ ತುಂಬುವ ದಿನಗಳಲ್ಲಿ ಹಾವಿನ ಬಣ್ಣ ಮಂಕಾಗುತ್ತದೆ. ಕಣ್ಣು ಹಾಲು ಬೆರೆಸಿದಂತೆ ನೀಲಿ ಬಿಳುಪಾಗುತ್ತದೆ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಕನ್ನಡಕದ ಗಾಜಿನಂಥ ಒಂದು ಪಾರದರ್ಶಕ ಹುರುಪೆ ಇರುತ್ತದೆ, ಅದೂ ಪೊರೆಯ ಜತೆಗೇ ಕಳಚಿ ಬರಬೇಕು. ಅದರ ಹಿಂದೆ ದ್ರವ ತುಂಬಿದಾಗ ಹಾವಿಗೆ ಸರಿಯಾಗಿ ಕಾಣುವುದಿಲ್ಲ. “ಕಣ್ಣು ಬೆಳ್ಳಗಾದ ನೂರು ವರ್ಷದ ಸರ್ಪ” ಎಂದು ಓಡಾಡುವ ವಿಡಿಯೊಗಳಲ್ಲಿ ಇರುವುದು ಬಹುಪಾಲು ಈ ಹಂತದ ಹಾವು. ಅದರ ವಯಸ್ಸು ಎರಡೇ ವರ್ಷ ಇದ್ದರೂ ಇರಬಹುದು.

ಮಂಜುಗಣ್ಣಿನ ಈ ಹೊತ್ತಿನಲ್ಲಿ ಹಾವು ಸಾಮಾನ್ಯವಾಗಿ ಊಟ ಬಿಡುತ್ತದೆ, ಮೂಲೆ ಹಿಡಿದು ಕೂರುತ್ತದೆ. ಕಾಣದ ಕಾರಣ ಸಣ್ಣ ಅಲುಗಾಟಕ್ಕೂ ಬೆದರಿ ಬುಸುಗುಡುತ್ತದೆ, ಕಚ್ಚಲೂ ಬರುತ್ತದೆ. “ಸುಮ್ಮನೆ ಬಿದ್ದೈತಿ, ಸತ್ತಂಗ ಐತಿ” ಎಂದು ಕೋಲಿನಿಂದ ತಿವಿಯುವವರು ಇದನ್ನು ನೆನಪಿಡಬೇಕು.

ಮೂರು ನಾಲ್ಕು ದಿನ ಕಳೆದ ಮೇಲೆ ಕಣ್ಣು ಮತ್ತೆ ತಿಳಿಯಾಗುತ್ತದೆ. ಎಲ್ಲ ಮುಗಿಯಿತು ಅನ್ನಿಸುವ ಹೊತ್ತಿಗೆ, ಇನ್ನೂ ಕೆಲವು ದಿನ ಬಿಟ್ಟು, ಹಾವು ಮೂತಿಯನ್ನು ಕಲ್ಲಿಗೋ ಕಟ್ಟಿಗೆಗೋ ಉಜ್ಜುತ್ತದೆ. ತುಟಿಯ ಅಂಚಿನಲ್ಲಿ ಪೊರೆ ಬಿರಿಯುತ್ತದೆ. ಆ ಬಿರುಕಿನಿಂದ ಹಾವು ಮುಂದಕ್ಕೆ ಹರಿಯುತ್ತ ಹೋದಂತೆ ಪೊರೆ ಹಿಂದಕ್ಕೆ ಮಗುಚುತ್ತದೆ, ಕಾಲುಚೀಲವನ್ನು ಮೇಲಿಂದ ಎಳೆದು ತೆಗೆದಂತೆ. ಅದಕ್ಕೇ ನಿಮಗೆ ಸಿಗುವ ಪೊರೆಯ ಒಳಮೈ ಹೊರಗೆ ಬಂದಿರುತ್ತದೆ. ಮಂಕಾದ ದಿನದಿಂದ ಲೆಕ್ಕ ಹಿಡಿದರೆ ಒಟ್ಟು ಒಂದರಿಂದ ಎರಡು ವಾರದ ಕೆಲಸ. ಕೊನೆಯ ಕಳಚುವಿಕೆ ಮಾತ್ರ ಕೆಲವೊಮ್ಮೆ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಪೊರೆಯ ಉದ್ದ ಹಾವಿನ ಉದ್ದ ಅಲ್ಲ. ಹುರುಪೆಗಳ ನಡುವೆ ಮಡಿಚಿಕೊಂಡಿದ್ದ ತೆಳು ಚರ್ಮ ಕಳಚುವಾಗ ಬಿಚ್ಚಿ ಹಿಗ್ಗುತ್ತದೆ. ನಾಲ್ಕು ಅಡಿ ಹಾವಿನ ಪೊರೆ ಐದಡಿಯ ಹತ್ತಿರ ಬಂದರೆ ಆಶ್ಚರ್ಯವಿಲ್ಲ. ಊರಲ್ಲಿ ಏಳಡಿ, ಎಂಟಡಿ ನಾಗರಹಾವಿನ ಸುದ್ದಿ ಹುಟ್ಟುವುದರಲ್ಲಿ ಈ ಹಿಗ್ಗಿದ ಪೊರೆಯ ಪಾಲೂ ಇದ್ದೀತು.

ಲೆಕ್ಕ ಏಕೆ ಏರುಪೇರು?

“ಮೈ ಬೆಳೆದು ಅಂಗಿ ಬಿಗಿಯಾಯಿತು, ಅದಕ್ಕೆ ಬಿಚ್ಚಿತು” ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಅರ್ಧ ಸರಿ. ಮರಿಗಳ ಮಟ್ಟಿಗೆ ಬೆಳವಣಿಗೆಯೇ ದೊಡ್ಡ ಕಾರಣ, ಹೆಚ್ಚು ತಿಂದ ಮರಿ ಬೇಗ ಬೆಳೆದು ಬೇಗ ಬೇಗ ಪೊರೆ ಬಿಡುತ್ತದೆ. ಆದರೆ ಬೆಳವಣಿಗೆ ಬಹಳ ನಿಧಾನವಾದ ಮುದಿ ಹಾವೂ ಪೊರೆ ಬಿಡುತ್ತದೆ. ಕಲ್ಲು, ಮಣ್ಣು, ಮುಳ್ಳಿನ ಮೇಲೆ ಹೊಟ್ಟೆ ಎಳೆದುಕೊಂಡು ಬದುಕುವ ಪ್ರಾಣಿಯ ಹೊರ ಪದರ ಸವೆಯುತ್ತದೆ, ಅದನ್ನು ಬದಲಿಸಲೇಬೇಕು. ಮೈಯಲ್ಲಿನ ನೀರು ಆವಿಯಾಗಿ ಹೋಗದಂತೆ ತಡೆಯುವ ಕೆಲಸವೂ ಈ ಪದರದ್ದೇ.

ಗಾಯವಾದರೆ, ಉಣ್ಣೆಯಂಥ ಪರಾವಲಂಬಿಗಳು ಹತ್ತಿದರೆ, ಚರ್ಮಕ್ಕೆ ರೋಗ ಬಂದರೆ ಹಾವು ಮಾಮೂಲಿಗಿಂತ ಬೇಗ ಪೊರೆ ಬಿಡುತ್ತದೆ. ಉತ್ತರ ಅಮೆರಿಕದಲ್ಲಿ ಕಾಡುಹಾವುಗಳನ್ನು ಕಾಡುತ್ತಿರುವ ಒಂದು ಶಿಲೀಂಧ್ರ ರೋಗದಲ್ಲಿ ಇದು ಚೆನ್ನಾಗಿ ಕಂಡಿದೆ. ಸೋಂಕು ತಗುಲಿದ ಪದರವನ್ನು ಕಳಚಿ ಹಾಕಲು ಹಾವು ಮತ್ತೆ ಮತ್ತೆ ಪೊರೆ ಬಿಡುತ್ತದೆ. ಹಲವು ಜಾತಿಯ ಹೆಣ್ಣುಗಳು ಮೊಟ್ಟೆ ಇಡುವುದಕ್ಕೆ ಕೆಲವು ವಾರ ಮುಂಚೆ ಒಂದು ಸಲ ಬಿಡುತ್ತವೆ. ಹುಟ್ಟಿದ ಮರಿ ಮೊದಲ ಪೊರೆ ಬಿಡುವುದು ಬಹಳಷ್ಟು ಜಾತಿಗಳಲ್ಲಿ ಒಂದೆರಡು ವಾರದೊಳಗೆ.

ಈ ಅಂಕಿಗಳೆಲ್ಲ ಎಲ್ಲಿಂದ ಬಂದವು ಅನ್ನುವುದೂ ಮುಖ್ಯ. ಹೆಚ್ಚಿನವು ಮೃಗಾಲಯಗಳಿಂದ, ಪ್ರಯೋಗಾಲಯಗಳಿಂದ, ಹೊರದೇಶಗಳಲ್ಲಿ ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಥರದ ಹಾವು ಸಾಕುವವರಿಂದ ಬಂದಿವೆ. ಅವರು ಪ್ರತಿ ಊಟ, ಪ್ರತಿ ಪೊರೆಯ ತಾರೀಖು ಬರೆದಿಡುತ್ತಾರೆ. ಪೆಟ್ಟಿಗೆಯಲ್ಲಿರುವ ಹಾವಿಗೆ ವಾರಕ್ಕೆ, ಹದಿನೈದು ದಿನಕ್ಕೆ ತಪ್ಪದೆ ಇಲಿ ಸಿಗುತ್ತದೆ, ಬಿಸಿ ಹದವಾಗಿರುತ್ತದೆ. ಹೊಲದ ಬದುವಿನ ಹಾವಿಗೆ ಆ ಭಾಗ್ಯ ಇಲ್ಲ. ಕಪ್ಪೆ, ಇಲಿ ಹೇರಳವಾಗಿರುವ ಮಳೆಗಾಲ ಬೇರೆ, ಏಪ್ರಿಲ್‌ನ ಬಿಸಿಲು ಬೇರೆ. ಹಾಗಾಗಿ ಸಾಕಿದ ಹಾವಿನ ಸಂಖ್ಯೆಯನ್ನು ಹೊಲದ ಹಾವಿಗೆ ಹಾಗೇ ಅಂಟಿಸಲು ಬರುವುದಿಲ್ಲ.

ಕಾಡಿನ ಹಾವಿನ ಮೇಲೆ ಕಣ್ಣಿಡುವುದು ಎಷ್ಟು ತೊಡಕಿನದೆಂದರೆ, ಪೊರೆಯೇ ಅಡ್ಡ ಬರುತ್ತದೆ. ಹೊರಗಡೆ ಏನು ಅಂಟಿಸಿದರೂ ಮುಂದಿನ ಪೊರೆಯ ಜತೆ ಕಳಚಿ ಬೀಳುತ್ತದೆ. 2005ರಲ್ಲಿ ಶುರುವಾದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ ಕಾಳಿಂಗ ಸರ್ಪಗಳ ಓಡಾಟ ತಿಳಿಯಲು ರೇಡಿಯೊ ಸಾಧನವನ್ನು ಶಸ್ತ್ರಚಿಕಿತ್ಸೆ ಮಾಡಿ ಮೈಯೊಳಗೇ ಇಡಬೇಕಾಯಿತು. ಇತ್ತ ತಮಿಳುನಾಡಿನಲ್ಲಿ 1978ರಿಂದ ಇರುವ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ, ಸರ್ಕಾರದ ಪರವಾನಗಿಯಡಿ ಹಾವು ಹಿಡಿದು, ವಿಷ ತೆಗೆದು, ಮತ್ತೆ ಬಿಡುತ್ತದೆ. ಬಿಡುವ ಮುನ್ನ ಹೊಟ್ಟೆಯ ಹುರುಪೆಗೆ ಸಣ್ಣ ಗುರುತು ಮಾಡುತ್ತಾರೆ, ಅದೇ ಹಾವನ್ನು ಬೇಗ ಮತ್ತೆ ಹಿಡಿಯದಿರಲಿ ಎಂದು. ಕೆಲವು ಪೊರೆ ಕಳೆಯುವಷ್ಟರಲ್ಲಿ ಆ ಗುರುತು ಮಾಸಿಹೋಗುತ್ತದೆ.

ಪೊರೆ ಎಣಿಸಿ ವಯಸ್ಸು ಹೇಳುವ ಆಸೆ ನಮ್ಮಲ್ಲಷ್ಟೇ ಇಲ್ಲ. ಅಮೆರಿಕದ ಗಿಲಕಿ ಹಾವಿಗೆ ಪ್ರತಿ ಪೊರೆಗೂ ಬಾಲದ ಗಿಲಕಿಯಲ್ಲಿ ಒಂದು ಉಂಗುರ ಕೂಡುತ್ತದೆ. ಅದನ್ನು ಎಣಿಸಿ “ಇಷ್ಟು ವರ್ಷ” ಅನ್ನುವವರು ಅಲ್ಲೂ ಬೇಕಾದಷ್ಟು ಮಂದಿ. ವರ್ಷಕ್ಕೆ ಎರಡು ಮೂರು ಉಂಗುರ ಬಂದೀತು, ತುದಿಯವು ಮುರಿದು ಬಿದ್ದಿರುತ್ತವೆ. ಲೆಕ್ಕ ಎರಡೂ ಕಡೆಯಿಂದ ತಪ್ಪು.

ಹಾಗಾದರೆ ನಾಗರ ಅಮಾವಾಸ್ಯೆಯ ಮಾತು ಎಲ್ಲಿಂದ ಬಂತು?

ಸುಳ್ಳು ಎಂದು ಒಂದೇ ಮಾತಿಗೆ ತಳ್ಳಿಹಾಕುವ ಬದಲು, ಹಿರಿಯರು ಹಾಗೆ ಏಕೆ ಅಂದುಕೊಂಡಿರಬಹುದು ಎಂದು ಯೋಚಿಸುವುದು ನಮಗೆ ಇಷ್ಟ. ನಾಗರ ಅಮಾವಾಸ್ಯೆ, ಪಂಚಮಿ ಬರುವುದು ಜುಲೈ-ಆಗಸ್ಟ್‌ನಲ್ಲಿ. ಹಾನಗಲ್, ಹಿರೇಕೆರೂರು ಕಡೆ ಆಗ ಮಳೆ ಹಿಡಿದಿರುತ್ತದೆ. ಭತ್ತದ ಗದ್ದೆ, ಗೋವಿನಜೋಳದ ಹೊಲದಲ್ಲಿ ಕಪ್ಪೆ, ಇಲಿ ಹೆಚ್ಚು. ಹಾವುಗಳು ಚೆನ್ನಾಗಿ ತಿನ್ನುತ್ತವೆ. ಬಿಲಗಳಿಗೆ ನೀರು ನುಗ್ಗಿ ಮನೆ, ಬಣವೆ, ದನದ ಕೊಟ್ಟಿಗೆ ಕಡೆ ಬರುತ್ತವೆ. ಮಳೆಗಾಲದ ಹೊತ್ತಿಗೆ ಹಲವು ಜಾತಿಗಳ ಮರಿಗಳೂ ಹೊರಬಿದ್ದಿರುತ್ತವೆ. ಜತೆಗೆ ಹಬ್ಬದ ನೆವದಲ್ಲಿ ನಾವು ವರ್ಷದಲ್ಲಿ ಒಮ್ಮೆಯಾದರೂ ಹುತ್ತದ ಬಳಿ ಹೋಗಿ ನಿಂತು ಕಣ್ಣಿಟ್ಟು ನೋಡುವುದು ಆಗಲೇ. ಹುಡುಕಿದಾಗ ಸಿಗುತ್ತದೆ. ಜನವರಿಯಲ್ಲಿ ಬಿಟ್ಟ ಪೊರೆ ಬೇಲಿಯಲ್ಲಿ ಒಣಗಿ ಪುಡಿಯಾಗಿದ್ದನ್ನು ಯಾರು ನೋಡಿದರು?

ಚಂದ್ರನ ತಿಥಿಗೂ ಪೊರೆಗೂ ನಂಟಿಲ್ಲ.

ಮನೆಯಲ್ಲಿ ಪೊರೆ ಸಿಕ್ಕಿತು, ಈಗ?

ಅಕ್ಕಿಆಲೂರಿನ ಓದುಗರ ಪ್ರಶ್ನೆ ಇದೇ. ಪೊರೆ ಹೇಳುವುದು ಇಷ್ಟು: ಒಂದು ಹಾವು ಇಲ್ಲಿ ಇತ್ತು, ಇಲ್ಲಿ ಅದಕ್ಕೆ ಅಡಗಲು ಜಾಗ ಸಿಕ್ಕಿತು. ಈಗ ಇದೆಯೋ ಇಲ್ಲವೋ ಎಂದು ಪೊರೆ ಹೇಳಲಾರದು. ಕಳಚಿದ ಕೂಡಲೇ ಹಾವು ಜಾಗ ಬಿಟ್ಟಿರಬಹುದು, ಅಲ್ಲೇ ಉಳಿದಿರಬಹುದು, ಹೋದದ್ದು ಇಲಿಯ ಆಸೆಗೆ ಮತ್ತೆ ಬರಬಹುದು. “ಪೊರೆ ಬಿಟ್ಟಲ್ಲಿಗೆ ಹಾವು ಮರಳುವುದಿಲ್ಲ” ಎಂಬ ನಿಯಮ ಹಾವಿಗೆ ಗೊತ್ತಿಲ್ಲ.

ಪೊರೆ ಎಷ್ಟು ಹಳೆಯದು ಎಂದು ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಹೊಸದು ಮೆತ್ತಗೆ, ತುಸು ತೇವವಾಗಿ, ಮಡಿಚಿದರೆ ಮಡಿಚುವಂತೆ ಇರುತ್ತದೆ. ಬೇಗನೆ ಒಣಗಿ ಹುರಿದ ಹಪ್ಪಳದಂತೆ ಮುರಿಯತೊಡಗುತ್ತದೆ. ಮಳೆ ಗಾಳಿ ತಾಗದ ಅಟ್ಟದಲ್ಲಿ, ಚೀಲಗಳ ಹಿಂದೆ ಒಣಗಿದ ಪೊರೆ ತಿಂಗಳುಗಟ್ಟಲೆ ಉಳಿಯುವುದರಿಂದ, ಒಣಗಿದ್ದು ಸಿಕ್ಕರೆ ಗಾಬರಿ ಕಡಿಮೆ ಇರಲಿ. ತೇವ ಇದ್ದದ್ದು ಸಿಕ್ಕರೆ ಆ ಕೋಣೆಯಲ್ಲಿ ಕೈ ಹಾಕುವ ಮುನ್ನ ಟಾರ್ಚ್ ಹಾಕಿ.

ಯಾವ ಹಾವು ಎಂದು ಪೊರೆಯಿಂದ ಗುರುತಿಸಬಹುದೇ? ತಿಳಿದವರಿಗೆ ಸಾಧ್ಯ. ಬಣ್ಣ ಹೆಚ್ಚಾಗಿ ಒಳಪದರದಲ್ಲಿ ಇರುವುದರಿಂದ ಪೊರೆಯಲ್ಲಿ ಬರುವುದು ಬರೀ ಮಸುಕು. ನಾಗರಹಾವಿನ ಹೆಡೆಯ ಗುರುತು ಕೆಲವೊಮ್ಮೆ ತೆಳುವಾಗಿ ಕಾಣುತ್ತದೆ, ಕೆಲವೊಮ್ಮೆ ಇಲ್ಲ. ಆದರೆ ಹುರುಪೆಗಳ ಅಚ್ಚು ಮಾತ್ರ ಹಾಗೇ ಉಳಿದಿರುತ್ತದೆ. ನೆತ್ತಿಯ ಮೇಲೆ ದೊಡ್ಡ ದೊಡ್ಡ ಹುರುಪೆ ಜೋಡಿಸಿಟ್ಟಂತೆ ಇದ್ದರೆ ನಾಗರ, ಕೇರೆ, ಕಟ್ಟುಹಾವು, ಇನ್ನೂ ಹಲವು ಹಾವುಗಳ ಗುಂಪು. ನೆತ್ತಿಯೆಲ್ಲ ಸಣ್ಣ ಸಣ್ಣ ಕಾಳಿನಂಥ ಹುರುಪೆ, ಬೆನ್ನಿನ ಹುರುಪೆಯ ನಡುವೆ ಏಣು ಎದ್ದಿದ್ದರೆ ಕೊಳಕುಮಂಡಲ ಅಥವಾ ಗರಗಸ ಮಂಡಲದ ಕಡೆ ಅನುಮಾನ ಹೋಗಬೇಕು. ಕಟ್ಟುಹಾವಿನ ಬೆನ್ನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು. ವಿಷವಿಲ್ಲದ ಕೆಲವು ಹಾವುಗಳಲ್ಲೂ ನಡುಸಾಲು ದೊಡ್ಡದಿರುವುದರಿಂದ ಇದೊಂದನ್ನೇ ಹಿಡಿದು ತೀರ್ಪು ಕೊಡಬೇಡಿ. ಕಾಲು ಬೆರಳುಗಳ ಅಚ್ಚು ಕಂಡರೆ ಅದು ಹಲ್ಲಿಯದೋ ಓತಿಕ್ಯಾತದ್ದೋ ಇರುತ್ತದೆ. ಅವೂ ಪೊರೆ ಬಿಡುತ್ತವೆ, ಆದರೆ ತುಂಡು ತುಂಡಾಗಿ.

ಹಾಗಾಗಿ ಫೋಟೊ ತೆಗೆಯುವಾಗ ಮೂರು ಕಡೆ ತೆಗೆಯಿರಿ: ತಲೆಯ ಭಾಗ, ಬೆನ್ನಿನ ನಡು, ಬಾಲದ ತಳಭಾಗ. ಪಕ್ಕದಲ್ಲೊಂದು ನಾಣ್ಯ ಇಡಿ. ಅದನ್ನು ಹತ್ತಿರದ ಅರಣ್ಯ ಇಲಾಖೆಯ ಸಿಬ್ಬಂದಿಗೋ ಅವರು ಹೇಳಿದ ಹಾವು ರಕ್ಷಕರಿಗೋ ಕಳಿಸಿ. ನಮ್ಮ ಓದುಗರ ಚಿತ್ರದಲ್ಲಿ ತಲೆಯ ಭಾಗವೇ ಇರಲಿಲ್ಲ, ಆದ್ದರಿಂದ ನಾವು ಜಾತಿ ಹೇಳಲು ಹೋಗಲಿಲ್ಲ. ಹೇಳಿದ್ದು ಇಷ್ಟೇ: ಚೀಲಗಳನ್ನು ಗೋಡೆಯಿಂದ ಒಂದಡಿ ದೂರ, ಹಲಗೆಯ ಮೇಲೆ ಇಡಿ. ಕಾಳು ಚೆಲ್ಲಿದ್ದು ಗುಡಿಸಿ. ಇಲಿ ಇದ್ದಲ್ಲಿ ಹಾವು ಬರುತ್ತದೆ, ಇಲಿಗೆ ದಾರಿ ಮುಚ್ಚಿದರೆ ಹಾವಿನ ದಾರಿಯೂ ಅರ್ಧ ಮುಚ್ಚಿದಂತೆ. ಬಾಗಿಲ ಕೆಳಗಿನ ಸಂದಿ, ಬಚ್ಚಲ ಮೋರಿಯ ತೂತಿಗೆ ಜಾಳಿಗೆ ಹಾಕಿ. ಚೀಲ ಎಳೆಯುವಾಗ ಬರಿಗೈ ಬೇಡ.

ಮಲಗುವ ವಿಷಯವನ್ನು ಒತ್ತಿ ಹೇಳುತ್ತೇವೆ. ಕಟ್ಟುಹಾವು ಓಡಾಡುವುದು ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುವುದೂ ರಾತ್ರಿಯೇ. ಅದರ ಕಡಿತ ಬಹಳ ಸಲ ನೋಯುವುದಿಲ್ಲ, ಬಾಯುವುದಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದ ಸ್ಥಿತಿ ಬಂದಾಗಲೇ ಗೊತ್ತಾಗುವುದುಂಟು. ಮನೆಯಲ್ಲಿ ಹೊಸ ಪೊರೆ ಸಿಕ್ಕಿದ್ದರೆ ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿ.

ಇದನ್ನು ಹೇಳುವುದಕ್ಕೆ ಕಾರಣವಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ಹೆಚ್ಚಿನ ಸಾವು ಮಳೆಗಾಲದಲ್ಲಿ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಬೇಡ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ, ವಿಷಕ್ಕೆ ಔಷಧ ಇರುವ ಆಸ್ಪತ್ರೆಗೆ ಹೋಗಿ. ಹಾವು ಹೊಕ್ಕಿದ್ದು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926.

ಅಂದಹಾಗೆ ಪೊರೆ ಮುಟ್ಟಿದರೆ ವಿಷ ಏರುವುದಿಲ್ಲ. ವಿಷ ಇರುವುದು ದವಡೆಯ ಹಿಂದಿನ ಗ್ರಂಥಿಯಲ್ಲಿ, ಚರ್ಮದಲ್ಲಿ ಅಲ್ಲ. ಆದರೆ ಹಾವು, ಹಲ್ಲಿಗಳ ಮೈ ಮೇಲೆ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ. ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯಿರಿ, ಮಕ್ಕಳ ಕೈಗೆ ಆಡಲು ಕೊಡಬೇಡಿ.

ಹಣ, ಹಲ್ಲಿ, ಇಲಿ

ಪೊರೆ ಎಂದರೆ ಕೆರಾಟಿನ್ ಎಂಬ ಪ್ರೋಟೀನು ಮತ್ತು ಒಂದಿಷ್ಟು ಕೊಬ್ಬಿನಂಶ. ನಮ್ಮ ಉಗುರು, ಕೂದಲೂ ಕೆರಾಟಿನ್ ಗುಂಪಿನವೇ. ಕತ್ತರಿಸಿದ ಉಗುರನ್ನು ಯಾರೂ ತಿಜೋರಿಯಲ್ಲಿ ಇಡುವುದಿಲ್ಲ. ಹಾವಿಗೆ ಅದು ಬೇಡವಾದ ಅಂಗಿ, ಅಷ್ಟೇ.

ಈ ಹಣದ ಮಾತನ್ನು ನಾವು ನಕ್ಕು ಬಿಡುತ್ತಿದ್ದೆವು, ಆದರೆ ಅದು ಪೊರೆಯಲ್ಲಿಗೇ ನಿಲ್ಲುವುದಿಲ್ಲ. ಇದೇ ಬಗೆಯ ನಂಬಿಕೆಯಿಂದ ‘ಎರಡು ತಲೆ ಹಾವು’ ಎಂದು ಕರೆಯುವ ಮಣ್ಣುಹಾವು ಕರ್ನಾಟಕದಲ್ಲಿ ಕಳ್ಳಸಾಗಣೆಯ ಸರಕಾಗಿದೆ. ಅದಕ್ಕಿರುವುದು ಒಂದೇ ತಲೆ, ಬಾಲ ಮೊಂಡು. ಮನೆಯಲ್ಲಿಟ್ಟರೆ ಸಿರಿ ಬರುತ್ತದೆ, ಇಷ್ಟು ಕೆಜಿ ತೂಗಿದರೆ ಇಷ್ಟು ಲಕ್ಷ ಎಂಬ ಸುಳ್ಳನ್ನು ನಂಬಿ ಕೊಳ್ಳುವವರು ಇದ್ದಾರೆ. ಪಾಪ, ಮಣ್ಣಿನಲ್ಲಿ ಹುದುಗಿ ಇಲಿ ತಿಂದುಕೊಂಡಿರುವ, ವಿಷವಿಲ್ಲದ ಹಾವು ಅದು. ಕೊಂಡವನ ಹಣವೂ ಹೋಗುತ್ತದೆ, ಪೊಲೀಸ್ ಕೇಸೂ ಬೀಳುತ್ತದೆ.

ಪೊರೆ ಇಟ್ಟರೆ ಇಲಿ ಬರುವುದಿಲ್ಲ ಎಂಬ ಇನ್ನೊಂದು ಮಾತಿದೆಯಲ್ಲ, ಅದರಲ್ಲಿ ಒಂದು ಎಳೆ ನಿಜವಿದೆ. ಅಮೆರಿಕದ ನೊಣಹಿಡುಕ ಜಾತಿಯ ಒಂದು ಹಕ್ಕಿ ತನ್ನ ಪೊಟರೆ ಗೂಡಿಗೆ ಹಾವಿನ ಪೊರೆ ಹುಡುಕಿ ತಂದು ಹಾಕುತ್ತದೆ. ಸಂಶೋಧಕರು ಗೂಡುಪೆಟ್ಟಿಗೆಗಳಲ್ಲಿ ಪೊರೆ ಇಟ್ಟು ನೋಡಿದಾಗ, ಮೊಟ್ಟೆ ಕದಿಯುವ ಹಾರುವ ಅಳಿಲುಗಳು ಪೊರೆ ಇದ್ದ ಪೆಟ್ಟಿಗೆಗಳಿಂದ ದೂರ ಉಳಿದವು. ಕ್ಯಾಲಿಫೋರ್ನಿಯಾದ ನೆಲದ ಅಳಿಲುಗಳಂತೂ ಗಿಲಕಿ ಹಾವಿನ ಪೊರೆಯನ್ನು ಅಗಿದು ತಮ್ಮ ಮೈಗೇ ನೆಕ್ಕಿ ಬಳಿದುಕೊಳ್ಳುತ್ತವೆ, ಹಾವಿನ ವಾಸನೆ ಬರಲಿ ಎಂದು. ಹಾಗೆಂದು ಕಣಜದಲ್ಲಿ ಒಂದು ಒಣ ಪೊರೆ ತೂಗಿಹಾಕಿದರೆ ನಮ್ಮೂರ ಇಲಿಗಳು ಓಡಿಹೋಗುತ್ತವೆ ಎಂದು ಇದರಿಂದ ಹೇಳಲು ಬರುವುದಿಲ್ಲ. ಗೋವಿನಜೋಳದ ಚೀಲದ ಸಂದಿಯಲ್ಲಿ ಪೊರೆ ಬಿದ್ದಿದ್ದರೂ ಪಕ್ಕದ ಚೀಲಕ್ಕೆ ಇಲಿ ತೂತು ಕೊರೆಯುವುದುಂಟು.

ಸಾಕಿದ ಹಾವಿನ ಪೊರೆ

ರೀಲ್ಸ್‌ನಲ್ಲಿ ಹೊರದೇಶದ ಹುಡುಗರು ಹಳದಿ, ಬಿಳಿ ಬಣ್ಣದ ಹಾವನ್ನು ಕೊರಳಿಗೆ ಹಾಕಿಕೊಂಡು, ಅದರ ಪೊರೆಯನ್ನು ಬೆರಳಿನಿಂದ ಮೆಲ್ಲಗೆ ಸುಲಿದು ತೋರಿಸುತ್ತಾರೆ. ನೋಡಲು ಹಿತವಾಗಿರುತ್ತದೆ, ಲಕ್ಷಾಂತರ ಲೈಕು. ಅದನ್ನು ನೋಡಿ ಊರಿನಲ್ಲೊಂದು ಕೇರೆಹಾವನ್ನೋ ಹೆಬ್ಬಾವಿನ ಮರಿಯನ್ನೋ ಡಬ್ಬದಲ್ಲಿಟ್ಟು ಸಾಕುತ್ತೇವೆ ಎನ್ನುವವರು ತಿಳಿಯಬೇಕಾದದ್ದು: ಭಾರತದಲ್ಲಿ ಇದು ಅಪರಾಧ. ನಾಗರ, ಕೇರೆ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ. ಹೆಬ್ಬಾವಿನಂಥ ಮೊದಲ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಶಿಕ್ಷೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು.

ಹೊರದೇಶದ ಹಾವುಗಳ ದಾರಿಯೂ ಸುಲಭವಿಲ್ಲ. ಬಾಲ್ ಪೈಥಾನ್‌ನಂಥ, ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದರೂ ಸತ್ತರೂ ತಿಳಿಸಬೇಕು. ಕದ್ದು ತರುವವರ ಕಥೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಆಗಾಗ ಬಯಲಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪೆಟ್ಟಿಗೆಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕವು. ಜತೆಗಿದ್ದ 6 ಕೋತಿಗಳು ಸತ್ತೇ ಹೋಗಿದ್ದವು. 2024ರ ಏಪ್ರಿಲ್‌ನಲ್ಲಿ ಒಬ್ಬ ಪ್ರಯಾಣಿಕನ ಚೀಲದಲ್ಲಿ 10 ಹಳದಿ ಅನಕೊಂಡ ಇದ್ದವು. ರೀಲ್ಸ್ ಹುಟ್ಟಿಸಿದ ಆಸೆಯನ್ನು ಇಂಥ ಚೀಲಗಳು ತುಂಬಿಸುತ್ತವೆ.

ಇನ್ನು ಆ ಸುಲಿಯುವ ದೃಶ್ಯ. ಆರೋಗ್ಯವಾಗಿರುವ ಹಾವಿಗೆ ಮನುಷ್ಯರ ಸಹಾಯ ಬೇಡ, ಅದರ ಪೊರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ತಾನೇ ಬರುತ್ತದೆ. ತುಂಡು ತುಂಡಾಗಿ ಬಂದರೆ ಸಾಮಾನ್ಯವಾಗಿ ಗಾಳಿಯಲ್ಲಿ ತೇವ ಸಾಲದು, ಹಾವಿಗೆ ನೀರು ಸಾಲದು, ಇಲ್ಲವೇ ಮೈಯಲ್ಲಿ ರೋಗವೋ ಉಣ್ಣೆಯೋ ಇದೆ ಎಂದರ್ಥ. ಹಿಡಿದು ಬುಟ್ಟಿಯಲ್ಲಿ ಒಣ ಇಟ್ಟ ಹಾವಿಗೆ ಆಗುವುದು ಇದೇ. ಬಾಲದ ತುದಿಯಲ್ಲಿ ಉಂಗುರದಂತೆ ಉಳಿದ ಹಳೆ ಪೊರೆ ಒಣಗಿ ಬಿಗಿದು, ರಕ್ತ ಹರಿಯದೆ, ತುದಿ ಕೊಳೆತು ಉದುರುತ್ತದೆ. ಮೃಗಾಲಯದವರು ಇದಕ್ಕೇ ಪ್ರತಿ ಪೊರೆಯನ್ನೂ ಬಿಡಿಸಿ ನೋಡುತ್ತಾರೆ: ಬಾಲದ ತುದಿ ಬಂದಿದೆಯೇ, ಎರಡೂ ಕಣ್ಣಿನ ಹುರುಪೆ ಅದರಲ್ಲಿವೆಯೇ ಎಂದು. ಇಲ್ಲದಿದ್ದರೆ ಹಾವನ್ನು ತೇವವಾದ ಪಾಚಿಯೋ ಒದ್ದೆ ಬಟ್ಟೆಯೋ ಇರುವ ಗೂಡಿನಲ್ಲಿ ಬಿಡುತ್ತಾರೆ. ಕಣ್ಣಿನ ಮೇಲೆ ಉಳಿದ ಹುರುಪೆಯನ್ನು ಉಗುರಿನಿಂದ ಎಬ್ಬಿಸಲು ಹೋದರೆ ಅದರಡಿಯ ಹೊಸ ಹುರುಪೆಯೂ ಕಿತ್ತು ಬಂದು ಕಣ್ಣೇ ಹೋಗಬಹುದು. ತೇವ ಸಿಕ್ಕರೆ ಬಹಳಷ್ಟು ಸಲ ಅದು ಮುಂದಿನ ಪೊರೆಯ ಜತೆ ತಾನಾಗಿಯೇ ಬಂದುಬಿಡುತ್ತದೆ.